ಮೊರಕ್ಕೆ ಸಿಗದ ಕಲ್ಲು

ಕನ್ನಡದಲ್ಲಿ ‘ಹಸನು’ ಎಂಬ ಚೆಂದದ ಮಾತೊಂದಿದೆ. ಅಕ್ಕಿಯನ್ನು ಹಸನು ಮಾಡುತ್ತೇವೆ, ಬೇಳೆಯನ್ನು ಹಸನು ಮಾಡುತ್ತೇವೆ, ಹೊಲವನ್ನು ಹಸನು ಮಾಡುತ್ತೇವೆ, ಕೊನೆಗೆ ಮಕ್ಕಳ ಬಾಳು ಹಸನಾಗಲಿ ಎಂದು ಹರಸುತ್ತೇವೆ. ಹೊಲದಿಂದ ಬಾಳಿನವರೆಗೆ ಒಂದೇ ಮಾತು. ಈ ಕೆಲಸದ ದೊಡ್ಡ ಪಾಲು ಯಾವಾಗಲೂ ಹೆಂಗಸರದು. ಮಧ್ಯಾಹ್ನ ಗಂಡಸರು ಉಂಡು ಅಡ್ಡಾದ ಮೇಲೆ ಜಗಲಿಯಲ್ಲಿ ಮೊರ ಹಿಡಿದು ಕೂರುತ್ತಿದ್ದ ನಮ್ಮ ಅಜ್ಜಿ, ಅತ್ತೆಯಂದಿರನ್ನು ನೆನೆದರೆ, ಈ ದೇಶದ ಮೊಟ್ಟಮೊದಲ ಆಹಾರ ನಿರೀಕ್ಷಕರು ಅವರೇ ಅನ್ನಿಸುತ್ತದೆ. ಸಂಬಳವಿಲ್ಲ, ರಜೆಯಿಲ್ಲ. ಅನ್ನದಲ್ಲಿ ಒಂದು ಕಲ್ಲು ಹಲ್ಲಿಗೆ ಸಿಕ್ಕಿದರೆ ಮಾತ್ರ ಮೇಲಧಿಕಾರಿಯಿಂದ ನೋಟೀಸು!

ಆ ಕೆಲಸದ ಬೆನ್ನಿಗೆ ಒಂದು ನಂಬಿಕೆ ಇತ್ತು. ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ, ಮೂಗಿಗೆ ಬಡಿಯುತ್ತದೆ. ಕಲ್ಲು, ಹುಳು, ಬತ್ತದ ಕಾಳು, ಮುಗ್ಗಲು ವಾಸನೆ, ಹಳಸಿದ ಹುಳಿ, ಇವೆಲ್ಲಕ್ಕೂ ಮನೆಯಲ್ಲೇ ಪರಿಹಾರವಿತ್ತು. ಮೊರ, ಜರಡಿ, ಬಿಸಿಲು, ಬೂದಿ, ಬೇವಿನ ಎಲೆ, ಒಂದು ಕುದಿ. ಕಳೆದ ನೂರು ವರ್ಷಗಳಲ್ಲಿ ನಮ್ಮ ಜನ ಊಟದ ಶುದ್ಧಿಯ ಬಗ್ಗೆ ಪಟ್ಟ ಚಿಂತೆಯ ಚರಿತ್ರೆಯನ್ನು ನೋಡಿದರೆ, ಈ ನಂಬಿಕೆ ಸ್ವಲ್ಪಸ್ವಲ್ಪವಾಗಿ ಮುರಿದುಬಿದ್ದದ್ದೇ ಅದರ ಮುಖ್ಯ ಕಥೆ. ಮೊರಕ್ಕೆ ಸಿಗದ ಕಲ್ಲುಗಳು ಒಂದೊಂದಾಗಿ ಬಂದು ಸೇರಿದವು.

ಮೊದಲು ಬಂದದ್ದು ಕಲಬೆರಕೆ. ಹಾಲಿಗೆ ನೀರು ಬೆರೆಸುವುದು ಹಾಲು ಮಾರುವಷ್ಟೇ ಹಳೆಯ ವಿದ್ಯೆ ಇರಬೇಕು. ಆದರೆ ಊರು ಪಟ್ಟಣವಾಗಿ, ಪಟ್ಟಣ ನಗರವಾಗಿ, ಎಲ್ಲೋ ಬೆಳೆದದ್ದನ್ನು ಯಾರೋ ಮಾರಿ ಇನ್ಯಾರೋ ಉಣ್ಣುವ ಕಾಲ ಬಂದಾಗ ಅದು ದೊಡ್ಡ ವ್ಯಾಪಾರವಾಯಿತು. 1917ರಲ್ಲಿ ಕಲ್ಕತ್ತೆಯಲ್ಲಿ ನಡೆದದ್ದನ್ನು ಕೇಳಿ. ಮಾರುಕಟ್ಟೆಯ ತುಪ್ಪದಲ್ಲಿ ಪ್ರಾಣಿಗಳ ಕೊಬ್ಬು ಬೆರೆತಿದೆ ಎಂಬುದು ಬಯಲಾಗಿ ನಗರವೇ ಅಲ್ಲೋಲಕಲ್ಲೋಲವಾಯಿತು. ಜಾತಿ ಕೆಟ್ಟಿತೆಂದು ಸಾವಿರಾರು ಬ್ರಾಹ್ಮಣರು ಹೂಗ್ಲಿ ನದಿಯ ದಂಡೆಯಲ್ಲಿ ಪ್ರಾಯಶ್ಚಿತ್ತಕ್ಕೆ ಕುಳಿತರು. ಸರ್ಕಾರ ಅವಸರವಸರವಾಗಿ ಕಾಯಿದೆಗೆ ತಿದ್ದುಪಡಿ ಮಾಡಿತು. ಮರುವರ್ಷ, 1918ರಲ್ಲಿ, ಮದ್ರಾಸ್ ಪ್ರಾಂತ್ಯವೂ ಕಲಬೆರಕೆ ತಡೆಯುವ ಕಾಯಿದೆ ಮಾಡಿತು. ಆಗ ಮದ್ರಾಸಿಗೆ ಸೇರಿದ್ದ ನಮ್ಮ ದಕ್ಷಿಣ ಕನ್ನಡ, ಬಳ್ಳಾರಿಗಳು ಆ ಪ್ರಾಂತ್ಯದ ಭಾಗಗಳೇ. ಗಮನಿಸಿ, ಆ ದಿನಗಳ ಭಯ ಹೊಟ್ಟೆಗಿಂತ ಹೆಚ್ಚಾಗಿ ಮಡಿಯದು. ಕೆಟ್ಟ ತುಪ್ಪ ತಿಂದರೆ ರೋಗ ಬರುತ್ತದೆಂದಲ್ಲ, ನರಕ ಬರುತ್ತದೆಂದು ಜನ ಹೆದರಿದರು.

ತುಪ್ಪದ ಜಗಳ ಅಲ್ಲಿಗೆ ಮುಗಿಯಲಿಲ್ಲ. 1937ರಲ್ಲಿ ಡಾಲ್ಡಾ ಬಂತು. ಹಳದಿ ಡಬ್ಬಿಯ ಮೇಲೆ ತೆಂಗಿನ ಮರದ ಚಿತ್ರ. ಅದು ಖಾಲಿಯಾದ ಮೇಲೆ ಬೇಳೆಯೋ ತುಳಸಿಗಿಡವೋ ಅದರಲ್ಲಿ ಮನೆ ಮಾಡುತ್ತಿದ್ದವು. ಬಡವರ ಮನೆಯ ಹಬ್ಬಕ್ಕೆ ವನಸ್ಪತಿ ಅನುಕೂಲವೇ ಆಯಿತು. ಆದರೆ ವ್ಯಾಪಾರಿಗಳ ಕೈಯಲ್ಲಿ ಅದು ತುಪ್ಪಕ್ಕೆ ಬೆರೆಯತೊಡಗಿತು. ವನಸ್ಪತಿಗೆ ಯಾವುದಾದರೂ ಬಣ್ಣ ಹಾಕಿ, ಗುರುತು ಸಿಗಲಿ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಕೊನೆಗೆ ವಿಜ್ಞಾನಿಗಳು ಜಾಣತನದ ಉಪಾಯವೊಂದನ್ನು ಹೂಡಿದರು. ವನಸ್ಪತಿಯಲ್ಲಿ ನೂರಕ್ಕೆ ಐದು ಪಾಲು ಎಳ್ಳೆಣ್ಣೆ ಇರಲೇಬೇಕೆಂದು ನಿಯಮ ಮಾಡಿಸಿದರು. ಯಾಕೆಂದರೆ ಎಳ್ಳೆಣ್ಣೆಗೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಚಿಟಿಕೆ ಸಕ್ಕರೆ ಸೇರಿಸಿ ಕುಲುಕಿದರೆ ಆಮ್ಲ ಕೆಂಪಾಗುತ್ತದೆ. ಶುದ್ಧ ತುಪ್ಪ ಕೆಂಪಾಗದು. ತುಪ್ಪ ಕೆಂಪಾಯಿತೆಂದರೆ ಅದರಲ್ಲಿ ವನಸ್ಪತಿ ಇದೆ ಎಂದೇ ಅರ್ಥ. ಕಳ್ಳನ ಜೇಬಿನಲ್ಲಿ ಮೊದಲೇ ಗಂಟೆ ಕಟ್ಟಿ ಕಳಿಸಿದ ಹಾಗೆ! ಎಳ್ಳೆಣ್ಣೆಯನ್ನು ತಲೆಗೆ ಹಚ್ಚಿ, ಚಟ್ನಿಪುಡಿಗೆ ಕಲಸಿ ಬಲ್ಲ ನಮಗೆ ಅದು ಪೊಲೀಸ್ ಕೆಲಸವನ್ನೂ ಮಾಡಬಲ್ಲದೆಂದು ಯಾರೂ ಹೇಳಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಇಡೀ ದೇಶಕ್ಕೆ ಒಂದೇ ಕಾಯಿದೆ ಬಂತು. 1954ರ ಆಹಾರ ಕಲಬೆರಕೆ ತಡೆ ಕಾಯಿದೆ. ಜಾರಿಯಾದದ್ದು 1955ರ ಜೂನ್ 1ರಂದು. ಅದಕ್ಕೆ ಮುಂಚೆಯೇ, 1950ರಲ್ಲಿ, ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಶುರುವಾಗಿತ್ತು. ಅರಮನೆಯಲ್ಲಿ ಆಹಾರ ಸಂಶೋಧನೆ ನಡೆಯುವ ದೇಶ ಹಸಿವಿನ ದೇಶವೂ ಆಗಿತ್ತು ಎಂಬುದನ್ನು ಮರೆಯಬಾರದು. ಆಗ ಸರ್ಕಾರದ ತಲೆನೋವು ಜನಕ್ಕೆ ಅಕ್ಕಿ ಗೋಧಿ ಒದಗಿಸುವುದು. ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತವರಿಗೆ ಸಿಕ್ಕರೆ ಸಾಕಿತ್ತು. ಅದು ಹೇಗಿದೆ ಎಂದು ಕೇಳುವ ಧೈರ್ಯ ಯಾರಿಗಿತ್ತು? ಕಾಯಿದೆಯ ಕಣ್ಣೂ ಒಬ್ಬನ ಮೇಲೆಯೇ ನೆಟ್ಟಿತ್ತು. ಅವನು ಲಾಭಕ್ಕಾಗಿ ಮೋಸ ಮಾಡುವ ವ್ಯಾಪಾರಿ.

ಮೋಸವೇ ಇಲ್ಲದೆ ಊಟ ಜೀವ ತೆಗೆಯಬಹುದು ಎಂದು ತೋರಿಸಿದ್ದು 1958ರ ಕೇರಳದ ದುರಂತ. ಹಡಗಿನಲ್ಲಿ ಬಂದ ಗೋಧಿಹಿಟ್ಟಿನ ಚೀಲಗಳಿಗೆ ಅದೇ ಹಡಗಿನಲ್ಲಿದ್ದ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋರಿತ್ತು. ಆ ಹಿಟ್ಟಿನ ತಿಂಡಿ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಹಿಟ್ಟು ನೋಡಲು ಬೆಳ್ಳಗೇ ಇತ್ತು. ಜರಡಿ ಹಿಡಿದರೆ ಏನೂ ಸಿಗುತ್ತಿರಲಿಲ್ಲ. ವಿಚಾರಣಾ ಆಯೋಗ ಕುಳಿತಿತು, ವರದಿ ಬಂತು. ಕೀಟನಾಶಕಗಳಿಗೆಂದೇ ಒಂದು ಕಾಯಿದೆ ಆಗುವ ಹೊತ್ತಿಗೆ 1968 ಆಗಿತ್ತು. ಹತ್ತು ವರ್ಷ! ಆ ಹತ್ತು ವರ್ಷದಲ್ಲಿ ಸುದ್ದಿಯನ್ನು ಜನ ಮರೆತಿದ್ದರು. ಇದು ಮುಂದೆಯೂ ನಡೆದ ಪದ್ಧತಿ. ಸಾವಾದಾಗ ಗದ್ದಲ, ಗದ್ದಲವಾದಾಗ ಸಮಿತಿ, ಸಮಿತಿ ಕುಳಿತ ಮೇಲೆ ನಿದ್ದೆ.

ನಿದ್ದೆ ಮಾಡದವರೂ ಇದ್ದರು. 1966ರಲ್ಲಿ ಮುಂಬಯಿಯ ಒಂಬತ್ತು ಜನ ಗೃಹಿಣಿಯರು ಸೇರಿ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಆಫ್ ಇಂಡಿಯಾ ಎಂಬ ಸಂಸ್ಥೆ ಕಟ್ಟಿದರು. ದೇಶದಲ್ಲಿ ಬಳಕೆದಾರರ ಪರವಾಗಿ ಹುಟ್ಟಿದ ಮೊದಮೊದಲ ಸಂಸ್ಥೆಗಳಲ್ಲಿ ಅದೊಂದು. ಅಡಿಗೆಮನೆಯ ಗೊಣಗಾಟವನ್ನು ಅವರು ಅರ್ಜಿ, ಪರೀಕ್ಷೆ, ಪತ್ರಿಕೆಗಳಿಗೆ ಏರಿಸಿದರು. ಒಬ್ಬಳ ಮನೆಯ ಕೆಟ್ಟ ಎಣ್ಣೆ ಒಬ್ಬಳ ಹಣೆಬರಹ. ಒಂಬತ್ತು ಜನರ ಮನೆಯ ಕೆಟ್ಟ ಎಣ್ಣೆ ಊರಿನ ವಿಷಯ. ಈ ಸರಳ ಲೆಕ್ಕ ಅವರಿಗೆ ಹೊಳೆದಿತ್ತು. ನಮ್ಮ ಕರಾವಳಿಯ ಬಸ್ರೂರಿನಲ್ಲಿ ಡಾ. ರವೀಂದ್ರನಾಥ ಶಾನಭಾಗರು ಕಟ್ಟಿದ ಬಳಕೆದಾರರ ವೇದಿಕೆ ಸಣ್ಣ ಊರಿನಿಂದಲೇ ಇಂಥ ಕೆಲಸ ಸಾಧ್ಯವೆಂದು ತೋರಿಸಿತು. 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದಾಗ ಈ ಮಾತುಗಳು ಊರೂರಿಗೆ ಹರಡಿದವು.

ಆ ದಿನಗಳಲ್ಲಿ ನಮ್ಮ ಊರಿನ ಮಹಿಳಾ ಮಂಡಳಿಯಲ್ಲೂ ಒಂದು ಪ್ರಾತ್ಯಕ್ಷಿಕೆ ನಡೆಯಿತು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಲೇಖಕಿಯೊಬ್ಬರು ಬಾಟಲಿ, ಪ್ರನಾಳಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಬಂದರು. ನಾವು ನಮ್ಮನಮ್ಮ ಮನೆಯಿಂದ ಅರಿಶಿನ, ಮೆಣಸು, ಕಾಫಿಪುಡಿಯ ಪೊಟ್ಟಣ ತಂದಿದ್ದೆವು. ಕರಿಮೆಣಸನ್ನು ನೀರಿಗೆ ಹಾಕಿ ಎಂದರು. ಮೆಣಸು ಮುಳುಗಿತು, ಅದರಲ್ಲಿ ಬೆರೆತಿದ್ದ ಪರಂಗಿಬೀಜ ತೇಲಿತು. ಕಾಫಿಪುಡಿಯನ್ನು ತಣ್ಣೀರಿನ ಮೇಲೆ ಉದುರಿಸಿದರೆ ಕಾಫಿ ತೇಲುತ್ತ ನಿಂತಿತು, ಚಿಕೋರಿ ಕಂದು ಗೆರೆ ಎಳೆಯುತ್ತ ತಳಕ್ಕಿಳಿಯಿತು. ಅರಿಶಿನಕ್ಕೆ ಆಮ್ಲ ಹಾಕಿದಾಗ ಎಲ್ಲರದೂ ಗುಲಾಬಿಯಾಯಿತು, ನಾವು ಹೌಹಾರಿದೆವು. “ತಾಳಿ, ನೀರು ಹಾಕಿ ನೋಡೋಣ” ಎಂದರು ಆಕೆ. ನೀರು ಬೆರೆಸಿದ ಕೂಡಲೇ ಒಂದನ್ನು ಬಿಟ್ಟು ಉಳಿದೆಲ್ಲದರ ಬಣ್ಣ ಹೋಯಿತು. ಹೋಗದೆ ಉಳಿದದ್ದು ಮೆಟಾನಿಲ್ ಹಳದಿ ಎಂಬ ಬಟ್ಟೆಯ ಬಣ್ಣ. ಆ ಪೊಟ್ಟಣದ ಒಡತಿ ನಾಲ್ಕು ಜನರನ್ನು ಕಟ್ಟಿಕೊಂಡು ಅಂಗಡಿಗೆ ಹೋದಳು. ಅಂಗಡಿಯವನು ಮಾತಿಲ್ಲದೆ ಮಾಲು ವಾಪಸು ಪಡೆದ. ಆ ಸಂಜೆ ನಮಗೆಲ್ಲ ಏನೋ ಗೆದ್ದ ಹಾಗಿತ್ತು. ಮೊರ ಹೋದರೇನು, ಪ್ರನಾಳ ಬಂತಲ್ಲ!

ನಮ್ಮ ಗಮನವೆಲ್ಲ ಅಂಗಡಿಯ ಮೇಲಿದ್ದಾಗ ಗದ್ದೆಯಲ್ಲಿ ಬೇರೆಯೇ ನಡೆದಿತ್ತು. ಹಸಿರು ಕ್ರಾಂತಿಯ ಹೊಸ ತಳಿಗಳು ಹಸಿವನ್ನು ಹಿಂದೆ ಸರಿಸಿದವು, ಅದನ್ನು ಹೀಗಳೆಯುವ ಹಕ್ಕು ಹೊಟ್ಟೆ ತುಂಬಿದ ನಮಗಿಲ್ಲ. ಆದರೆ ಅವುಗಳ ಜತೆಗೆ ಗೊಬ್ಬರದ ಚೀಲ ಬಂತು, ಕೀಟನಾಶಕದ ಡಬ್ಬಿ ಬಂತು. ಆ ಡಬ್ಬಿಯ ವಿಷಕ್ಕೆ ನಮ್ಮ ರೈತರು ಇಟ್ಟ ಹೆಸರೇನು ಗೊತ್ತೇ? ಔಷಧಿ. ‘ಗದ್ದೆಗೆ ಔಷಧಿ ಹೊಡೆಯಬೇಕು’, ‘ತೋಟಕ್ಕೆ ಮದ್ದು ಹೊಡೆಸಿದ್ದೇನೆ’ ಎಂದೇ ಇಂದಿಗೂ ಹೇಳುವುದು. ಔಷಧಿ ಎಂದ ಮೇಲೆ ಭಯವೇತಕ್ಕೆ? ನನ್ನ ತವರಿನ ಕಡೆ ಬರಿಮೈಯಲ್ಲಿ ಪಂಪು ಹೊತ್ತು ಮದ್ದು ಹೊಡೆಯುತ್ತಿದ್ದರು. ಖಾಲಿಯಾದ ಡಬ್ಬಿ ತೊಳೆದು ಸೀಮೆಎಣ್ಣೆಗೆ, ಕೆಲವು ಗುಡಿಸಲುಗಳಲ್ಲಿ ಉಪ್ಪಿಗೂ ಇಟ್ಟುಕೊಳ್ಳುತ್ತಿದ್ದರು. ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರವಿರುತ್ತಿತ್ತು. ಮಕ್ಕಳು ಅದನ್ನು ನೋಡಿ ನಗುತ್ತಿದ್ದವು.

1970ರ ದಶಕದ ನಡುವಿನಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯ ಹೆಸರು ಪತ್ರಿಕೆಗಳಲ್ಲಿ ಬಂತು. ಅಲ್ಲಿಯ ಬಡ ದಲಿತ ಕೂಲಿ ಕುಟುಂಬಗಳಲ್ಲಿ ಸೊಂಟ, ಮಂಡಿಯ ಕೀಲುಗಳು ನೊಂದು ಸೊಟ್ಟಗಾಗುತ್ತಿದ್ದವು, ಕೆಲವರು ಕುಳ್ಳರಾಗಿಯೇ ಉಳಿಯುತ್ತಿದ್ದರು. ಅವರು ಗದ್ದೆಯ ಏಡಿ, ಮೀನು ಹಿಡಿದು ತಿನ್ನುವವರು. ಗದ್ದೆಗೆ ಹೊಡೆದ ವಿಷ ಏಡಿಗೆ, ಏಡಿಯಿಂದ ಅವರಿಗೆ ಸೇರಿರಬೇಕೆಂದು ಬಲವಾದ ಅನುಮಾನ ಹುಟ್ಟಿತು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಅಧ್ಯಯನಗಳು ಇದು ವಂಶವಾಹಿನಿಯಲ್ಲಿ ಬರುವ ಕಾಯಿಲೆ ಎಂಬ ಕಡೆಗೆ ಬೆರಳು ತೋರಿಸಿದವು. ಅನುಮಾನ ಪಟ್ಟವರನ್ನು ನಾನು ದೂರುವುದಿಲ್ಲ. ಅನುಮಾನವಿಲ್ಲದೆ ತನಿಖೆಯೇ ಆಗುತ್ತಿರಲಿಲ್ಲ. ಆದರೆ ಹಂದಿಗೋಡು ಒಂದು ಪಾಠ ಹೇಳಿತು. ಊಟದ ಬಗೆಗಿನ ಭಯಕ್ಕೆ ತಾಳ್ಮೆಯ ಪರೀಕ್ಷೆ ಬೇಕು, ಗಾಳಿಮಾತು ಸಾಲದು. ಇನ್ನೊಂದು ಪಾಠವನ್ನು ನಾವು ಕೇಳಿಸಿಕೊಳ್ಳಲಿಲ್ಲ. ವಿಷಕ್ಕೆ ಮೊದಲು ಮೈಯೊಡ್ಡುವವರು ಪೇಟೆಯಲ್ಲಿ ತರಕಾರಿ ಕೊಳ್ಳುವವರಲ್ಲ, ಗದ್ದೆಯ ಕೆಸರಿನಲ್ಲಿ ನಿಂತವರು.

ಆ ಎರಡನೆಯ ಪಾಠವನ್ನು ಆಕಾಶವೇ ಕಲಿಸಿತು ಎನ್ನಬೇಕು. ಕಾಸರಗೋಡಿನ ಸರ್ಕಾರಿ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ, ಆಮೇಲೆ ನಮ್ಮ ಬೆಳ್ತಂಗಡಿ ಸೀಮೆಯ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆಯೂ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಸುಮಾರು ಇಪ್ಪತ್ತು ವರ್ಷ ಹೀಗೇ ನಡೆಯಿತು. ತೋಟದ ಕೆಳಗೆ ಬಾವಿ, ಬಾವಿಯ ಪಕ್ಕದಲ್ಲಿ ಮನೆ. ಮಕ್ಕಳು ಬುದ್ಧಿಮಾಂದ್ಯರಾಗಿ, ಅಂಗ ಊನವಾಗಿ ಹುಟ್ಟತೊಡಗಿದಾಗ ಮೊದಲು ಅದನ್ನು ದೈವದ ಮುನಿಸು ಎಂದುಕೊಂಡವರಿದ್ದರು. ಪಡ್ರೆಯ ಸ್ವರ್ಗ ಎಂಬ ಊರಿನ ವೈದ್ಯ ಡಾ. ಮೋಹನ್ ಕುಮಾರ್ ತನ್ನ ರೋಗಿಗಳಲ್ಲಿ ಇದನ್ನು ಗುರುತಿಸಿದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. 1998ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಲೀಲಾಕುಮಾರಿ ಅಮ್ಮ. ಆಕೆ ಕೃಷಿ ಇಲಾಖೆಯಲ್ಲೇ ನೌಕರಿಯಲ್ಲಿದ್ದ ಹೆಣ್ಣುಮಗಳು. ತಾನು ಅನ್ನ ತಿನ್ನುವ ಇಲಾಖೆಯ ನಂಬಿಕೆಯ ವಿರುದ್ಧವೇ ಹೋಗಿ, ಮೇಲಿನಿಂದ ವಿಷ ಸುರಿಯುವುದಕ್ಕೆ ತಡೆಯಾಜ್ಞೆ ತಂದರು. ಕರ್ನಾಟಕದಲ್ಲಿ 2011ರ ಫೆಬ್ರವರಿಯಲ್ಲಿ ಎಂಡೋಸಲ್ಫಾನ್ ನಿಷೇಧವಾಯಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಅದನ್ನು ತಡೆಯಿತು. 2017ರಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞೆಯಾಯಿತು. ಹಾಸಿಗೆಯಲ್ಲೇ ಬೆಳೆದ ಮಗನಿಗೆ ಇಪ್ಪತ್ತು ವರ್ಷ ತುತ್ತು ಇಟ್ಟ ತಾಯಿಗೆ ಆ ದುಡ್ಡು ಏನನ್ನು ಮರಳಿಸೀತು ಎಂದು ಕೇಳಬಾರದು, ಕೇಳದೆ ಇರಲೂ ಆಗದು.

ಪೇಟೆಯಲ್ಲಿ ಮಾತ್ರ ನಮ್ಮ ಭಯ ಬೇರೆ ಹಾದಿ ಹಿಡಿದಿತ್ತು. 1998ರ ಆಗಸ್ಟಿನಲ್ಲಿ ದಿಲ್ಲಿಯಲ್ಲಿ ಸಾಸಿವೆ ಎಣ್ಣೆಗೆ ಹಳದಿ ಹೂವಿನ ದತ್ತೂರಿ ಬೀಜದ ಎಣ್ಣೆ ಬೆರೆತು ಅರವತ್ತಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಜನ ಆಸ್ಪತ್ರೆ ಸೇರಿದರು. ಖಾದ್ಯ ತೈಲವನ್ನು ಪ್ಯಾಕೆಟ್ಟಿನಲ್ಲೇ ಮಾರಬೇಕೆಂದು ಕೇಂದ್ರದ ಆಜ್ಞೆ ಬಂತು. ಉದ್ದೇಶ ಒಳ್ಳೆಯದೇ. ಆದರೆ ಪ್ಯಾಕೆಟ್ಟು ತುಂಬುವ ಯಂತ್ರ ಯಾರ ಬಳಿ ಇತ್ತು? ಊರ ಗಾಣಿಗನ ಬಳಿಯಲ್ಲ. ಮೊದಲೇ ಸೋತಿದ್ದ ಗಾಣಗಳಿಗೆ ಅದೊಂದು ಏಟಾಯಿತು. ಈಗ ನೋಡಿ, ಅದೇ ಮರದ ಗಾಣ ನಗರಗಳ ಬಡಾವಣೆಗಳಲ್ಲಿ ಗಾಜಿನ ಬಾಗಿಲಿನ ಅಂಗಡಿಯಾಗಿ ಮರಳಿದೆ. ನಮ್ಮಜ್ಜಿ ಕಡಲೆಕಾಯಿ ಕೊಟ್ಟು, ಹಿಂಡಿಯನ್ನು ಎಮ್ಮೆಗೆ ತಂದು, ಕೂಲಿ ತೆತ್ತು ಆಡಿಸಿಕೊಂಡು ಬರುತ್ತಿದ್ದ ಎಣ್ಣೆ ಈಗ ಶ್ರೀಮಂತರ ಪಥ್ಯ!

2003ರ ಆಗಸ್ಟಿನಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ತಂಪು ಪಾನೀಯಗಳಲ್ಲಿ ಕೀಟನಾಶಕದ ಶೇಷ ಇದೆ ಎಂದು ಸಾರಿತು. 2004ರಲ್ಲಿ ಪಾರ್ಲಿಮೆಂಟಿನ ಜಂಟಿ ಸಮಿತಿಯೂ ಅದನ್ನು ಒಪ್ಪಿತು. ದೇಶವೆಲ್ಲ ಬಾಟಲಿ ಒಡೆಯಿತು. ಬಾಟಲಿಗೆ ಆ ವಿಷ ಬಂದದ್ದು ನೀರಿನಿಂದ, ನೀರಿಗೆ ಬಂದದ್ದು ಹೊಲದಿಂದ. ಹಾಗಾದರೆ ಅದೇ ನೀರನ್ನು ಬಾವಿಯಿಂದ ಸೇದಿ ಕುಡಿಯುವ ಹಳ್ಳಿಯ ಬಸುರಿ ಹೆಂಗಸಿನ ಗತಿ ಏನು ಎಂದು ಕೇಳಿದವರು ಕಡಿಮೆ. 2015ರ ಜೂನ್‌ನಲ್ಲಿ ಮ್ಯಾಗಿ ನೂಡಲ್ಸ್‌ನಲ್ಲಿ ಸೀಸವಿದೆ ಎಂದು ನಿಷೇಧವಾಯಿತು. ಆಗಸ್ಟಿನಲ್ಲಿ ಮುಂಬಯಿ ಹೈಕೋರ್ಟು ಪರೀಕ್ಷೆಯ ಕ್ರಮ ಸರಿಯಿಲ್ಲವೆಂದು ಆಜ್ಞೆಯನ್ನು ರದ್ದುಮಾಡಿತು, ನವೆಂಬರಿನಲ್ಲಿ ಅದು ಅಂಗಡಿಗೆ ಮರಳಿತು. ಆ ಐದು ತಿಂಗಳು ಟೀವಿಯ ಮುಂದೆ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: “ತಾಯಂದಿರು ಮಕ್ಕಳಿಗೆ ಇಂಥದ್ದನ್ನು ಯಾಕೆ ಕೊಡುತ್ತಾರೆ?” ಬೆಳಿಗ್ಗೆ ಎಂಟಕ್ಕೆ ಬಸ್ಸು ಹಿಡಿಯುವ ತಾಯಿಗೆ ಎರಡು ನಿಮಿಷದ ಅಡಿಗೆ ಯಾಕೆ ಬೇಕಾಯಿತು ಎಂಬ ಪ್ರಶ್ನೆಗೆ ಯಾವ ವಾಹಿನಿಯಲ್ಲೂ ಹೊತ್ತಿರಲಿಲ್ಲ.

ಈ ಗದ್ದಲಗಳ ನಡುವೆಯೇ ‘ಸಾವಯವ’ ಎಂಬ ಮಾತು ನಮ್ಮ ಮನೆಗಳಿಗೆ ಬಂತು. ಅದರ ಬೇರು ಹುಡುಕಿದರೆ ನಮ್ಮ ನೆಲದಲ್ಲೇ ಸಿಗುತ್ತದೆ. 1905ರಲ್ಲಿ ಇಂಗ್ಲೆಂಡಿನಿಂದ ಬಂದ ಆಲ್ಬರ್ಟ್ ಹೋವರ್ಡ್ ಇಲ್ಲಿಯ ರೈತರನ್ನು ತನ್ನ ಗುರುಗಳೆಂದುಕೊಂಡವರು. ಇಂದೋರಿನಲ್ಲಿ ಸೆಗಣಿ, ಕಸಕಡ್ಡಿಗಳಿಂದ ಗೊಬ್ಬರ ಮಾಡುವ ವಿಧಾನವನ್ನು ರೂಪಿಸಿ 1940ರಲ್ಲಿ ಪುಸ್ತಕ ಬರೆದರು. ಅವರ ಹೆಂಡತಿ ಗೇಬ್ರಿಯಲ್ ಸ್ವತಃ ಸಸ್ಯವಿಜ್ಞಾನಿ, ಸರ್ಕಾರಿ ಹುದ್ದೆಯಲ್ಲಿದ್ದವರು, ಪ್ರಯೋಗಗಳಲ್ಲಿ ಸಮಪಾಲು ದುಡಿದವರು. 1930ರಲ್ಲೇ ತೀರಿಕೊಂಡ ಆಕೆಯ ಹೆಸರು ಹಿಂದೆ ಸರಿಯಿತು. ಇಂಗ್ಲೆಂಡಿನಲ್ಲಿ ಈ ವಿಚಾರವನ್ನು ಚಳವಳಿಯಾಗಿಸಿದ್ದೂ ಹೆಣ್ಣೇ. ಲೇಡಿ ಈವ್ ಬಾಲ್ಫೋರ್ 1943ರಲ್ಲಿ ಪುಸ್ತಕ ಬರೆದು, 1946ರಲ್ಲಿ ಸಾಯಿಲ್ ಅಸೋಸಿಯೇಷನ್ ಕಟ್ಟಲು ಮುಂದಾದರು. 1962ರಲ್ಲಿ ಅಮೆರಿಕದ ರೇಚಲ್ ಕಾರ್ಸನ್ ಕೀಟನಾಶಕಗಳ ಬಗ್ಗೆ ಬರೆದದ್ದು ಜಗತ್ತಿಗೇ ಗೊತ್ತು. ನಮ್ಮಲ್ಲಿ ದೊಡ್ಡಬಳ್ಳಾಪುರದ ಕಡೆಯ ಎಲ್. ನಾರಾಯಣ ರೆಡ್ಡಿಯವರು ರಾಸಾಯನಿಕಗಳಿಂದ ಕೈಸುಟ್ಟುಕೊಂಡ ಮೇಲೆ ಹಳೆಯ ದಾರಿ ಹಿಡಿದು, 2019ರಲ್ಲಿ ಕಣ್ಣು ಮುಚ್ಚುವವರೆಗೂ ಸಾವಿರಾರು ರೈತರಿಗೆ ಅದನ್ನೇ ಹೇಳಿದರು. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ರೈತರ ಕೈಗೇ ಲೇಖನಿ ಕೊಟ್ಟಿತು. ಆಗ ಸಾವಯವ ಎಂದರೆ ರೈತನ ಸಾಲ, ಮಣ್ಣು, ಆರೋಗ್ಯಗಳ ಮಾತು. ಕೊಳ್ಳುವವರ ಮಾತು ಆಮೇಲೆ ಬಂತು.

2004ರಲ್ಲಿ ಕರ್ನಾಟಕ ಸಾವಯವ ಕೃಷಿ ನೀತಿ ತಂದಿತು. 2010ರ ಫೆಬ್ರವರಿಯಲ್ಲಿ ಬಿಟಿ ಬದನೆಯ ಬಗ್ಗೆ ಬೆಂಗಳೂರಿನಲ್ಲಿ ನಡೆದ ಸಾರ್ವಜನಿಕ ಸಭೆ ಕಿಕ್ಕಿರಿದಿತ್ತು. ಕೆಲವೇ ದಿನಗಳಲ್ಲಿ ಕೇಂದ್ರ ಸರ್ಕಾರ ಅದಕ್ಕೆ ತಡೆ ಹಾಕಿತು. ಬದನೆಕಾಯಿಯ ಬಗ್ಗೆ ದೇಶದ ಮಂತ್ರಿಯೊಬ್ಬರು ಊರೂರಿಗೆ ಹೋಗಿ ಜನರನ್ನು ಕೇಳಿದ್ದು ಸಣ್ಣ ಸಂಗತಿಯಲ್ಲ. 2017ರಲ್ಲಿ ಸಾವಯವ ಆಹಾರಕ್ಕೆ ನಿಯಮಗಳೂ, ‘ಜೈವಿಕ ಭಾರತ’ ಎಂಬ ಗುರುತೂ ಬಂದವು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು. ನವಣೆ, ಸಾಮೆ, ಹಾರಕ, ಬರಗು, ಊದಲು, ಕೊರಲೆ ಎಲ್ಲಕ್ಕೂ ಮಾನ ಬಂತು. ಬಡವರು ಉಣ್ಣುವಾಗ ಅವು ಬರಿಯ ಕಿರುಧಾನ್ಯ. ಪೇಟೆಯವರು ಕೊಂಡಾಗ ಸಿರಿಧಾನ್ಯ. ಹೆಸರಿನಲ್ಲೇ ಸಿರಿ ಬಂತು, ಬೆಲೆಯಲ್ಲೂ ಬಂತು. ಬೆಳೆದವರ ಮನೆಗೆ ಬಂತೇ ಎಂಬುದನ್ನು ಮಾತ್ರ ವಿಚಾರಿಸಬೇಕು.

ನನ್ನ ಸೊಸೆ ದಿನಸಿ ತಂದರೆ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಕಣ್ಣು ಕಿರಿದು ಮಾಡಿ ಓದುತ್ತಾಳೆ. ಅಜ್ಜಿಯ ಕಣ್ಣು ಕಾಳಿನ ಮೇಲಿತ್ತು, ಇವಳ ಕಣ್ಣು ಚೀಟಿಯ ಮೇಲಿದೆ. ಇಬ್ಬರ ಹಣೆಯಲ್ಲೂ ಅದೇ ಗೆರೆ. ಆದರೆ ಒಂದು ವ್ಯತ್ಯಾಸವಿದೆ. ಅಜ್ಜಿಗೆ ತನ್ನ ಕೆಲಸ ಮುಗಿಯಿತೆಂದು ಗೊತ್ತಾಗುತ್ತಿತ್ತು. ಮೊರದಲ್ಲಿ ಕಲ್ಲಿಲ್ಲ ಎಂದರೆ ಇಲ್ಲ. ಇವಳಿಗೆ ಎಷ್ಟು ಓದಿದರೂ ನಿಶ್ಚಿಂತೆ ಇಲ್ಲ. ಸೊಪ್ಪನ್ನು ಉಪ್ಪುನೀರಿನಲ್ಲಿ ನೆನೆಸಿ ತೊಳೆದರೆ ಮೇಲಿನ ವಿಷ ಸ್ವಲ್ಪ ಹೋದೀತು. ಗಿಡದ ರಸದಲ್ಲೇ ಸೇರಿಕೊಂಡದ್ದು ಹೋಗದು.

ಭಯ ಇರುವ ಕಡೆಯೇ ಅಪಾಯವೂ ಇರುತ್ತದೆಂದೇನಿಲ್ಲ. ಹಾಲಿನ ಉದಾಹರಣೆ ನೋಡಿ. 2011ರಲ್ಲಿ ದೇಶಾದ್ಯಂತ ನಡೆದ ಸಮೀಕ್ಷೆಯಲ್ಲಿ ನೂರಕ್ಕೆ 68 ಮಾದರಿಗಳು ಮಟ್ಟಕ್ಕೆ ತಕ್ಕಂತಿಲ್ಲ ಎಂದಾಗ ಹಾಲೆಂದರೆ ಯೂರಿಯಾ, ಸಾಬೂನಿನ ಪುಡಿ ಎಂದು ಊರೆಲ್ಲ ಮಾತಾಯಿತು. ಬಹುಪಾಲು ದೋಷ ನಮ್ಮ ಹಳೆಯ ಮಿತ್ರ ನೀರಿನದೇ ಆಗಿತ್ತು. 2018ರ ಸಮೀಕ್ಷೆಯಲ್ಲಿ 6,432 ಮಾದರಿಗಳನ್ನು ನೋಡಿದರು. ನೂರಕ್ಕೆ 93 ಕುಡಿಯಲು ಸುರಕ್ಷಿತವಾಗಿದ್ದವು. ಆರೋಗ್ಯಕ್ಕೆ ಹಾನಿಯಾಗುವ ಹಾಗೆ ಕಲಬೆರಕೆ ಮಾಡಿದ್ದು ಸಿಕ್ಕಿದ್ದು 12ರಲ್ಲಿ ಮಾತ್ರ. ಅದಕ್ಕಿಂತ ಬಹಳ ಹೆಚ್ಚು ಕಡೆ ಸಿಕ್ಕಿದ್ದು ಅಫ್ಲಾಟಾಕ್ಸಿನ್; ಬೂಷ್ಟು ಹಿಡಿದ ಹಿಂಡಿ, ಮೇವು ತಿಂದ ಹಸುವಿನ ಹಾಲಿಗೆ ಇಳಿಯುವ ವಿಷ. ಇಲ್ಲಿ ಖಳನಾಯಕನೇ ಇಲ್ಲ, ಒದ್ದೆ ಕೊಟ್ಟಿಗೆ ಇದೆ. ಸಹಜವಾದದ್ದೆಲ್ಲ ಸುರಕ್ಷಿತ ಎನ್ನುವವರಿಗೂ ಇದು ಉತ್ತರ. ಬೂಷ್ಟಿಗಿಂತ ಸಹಜವಾದದ್ದು ಯಾವುದಿದೆ?

ಹಾಗೆಂದು ಹಳೆಯ ಕಣ್ಣಿನ ಕೆಲಸ ಮುಗಿದಿಲ್ಲ. 2024ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ, ಬೊಂಬಾಯಿ ಮಿಠಾಯಿಗೆ ಹಾಕುವ ಕೃತಕ ಬಣ್ಣಗಳನ್ನು ತಡೆಯಿತು. ಮಿಠಾಯಿಯ ಗುಲಾಬಿಯಲ್ಲಿ ಇದ್ದದ್ದು ಬಟ್ಟೆಗೆ ಹಾಕುವ ರೋಡಮೈನ್-ಬಿ. ಮೆಟಾನಿಲ್ ಹಳದಿಯ ತಂಗಿ ಎನ್ನಿ. 2025ರ ಫೆಬ್ರವರಿಯಲ್ಲಿ ಹೋಟೆಲುಗಳು ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದದ್ದು ಹೊರಬಿದ್ದು ಅದಕ್ಕೂ ತಡೆ ಬಂತು. ಕಲಬೆರಕೆ, ಕೀಟನಾಶಕ, ಪ್ಲಾಸ್ಟಿಕ್ ಎಲ್ಲ ಕಾಲದ ಭಯಗಳೂ ಈಗ ಒಟ್ಟಿಗೇ ನಮ್ಮ ತಟ್ಟೆಯ ಸುತ್ತ ಕುಳಿತಿವೆ.

ಇಷ್ಟು ಚರಿತ್ರೆಯನ್ನು ಹಿಂದಿಟ್ಟು ನೋಡಿದರೆ ನನಗೆ ಕಾಣುವುದು ಇದು. ಕಲ್ಲು ಮೊರದಿಂದ ಜಾರಿ ಪ್ರಯೋಗಾಲಯಕ್ಕೆ ಹೋಯಿತು, ಹೊಣೆ ಮಾತ್ರ ಅಡಿಗೆಮನೆಯಲ್ಲೇ ಉಳಿಯಿತು. ಹಿಡಿಯಲು ಬೇಕಾದ ಸಾಧನ ಸರ್ಕಾರದ, ಕಂಪನಿಯ ಕೈಯಲ್ಲಿ. ಹಿಡಿಯದೆ ಹೋದ ಅಪವಾದ ತಾಯಿಯ ತಲೆಯ ಮೇಲೆ. ದುಡ್ಡಿದ್ದವಳು ಸಾವಯವ ಅಂಗಡಿಗೆ ಹೋಗಿ ತನ್ನ ಮಟ್ಟಿಗೆ ನೆಮ್ಮದಿ ಕೊಂಡುತರುತ್ತಾಳೆ. ಕೊಳ್ಳಲಿ, ತಪ್ಪೇನಿಲ್ಲ, ಅದರಿಂದ ಒಬ್ಬ ರೈತ ಬದುಕಿದರೆ ಒಳ್ಳೆಯದೇ. ಆದರೆ ಚರಿತ್ರೆಯಲ್ಲಿ ಊಟ ನಿಜವಾಗಿ ಹಸನಾದದ್ದು ಒಬ್ಬೊಬ್ಬರು ಕೊಂಡದ್ದರಿಂದಲ್ಲ. ಮುಂಬಯಿಯ ಒಂಬತ್ತು ಜನ ಒಟ್ಟಾಗಿ ಕೇಳಿದ್ದರಿಂದ, ಪೆರಿಯದ ಕಡೆಯ ಒಬ್ಬ ನೌಕರಳು ಕೋರ್ಟಿಗೆ ಹೋದದ್ದರಿಂದ, ಅರಿಶಿನದ ಪೊಟ್ಟಣ ಹಿಡಿದು ಐದು ಜನ ಅಂಗಡಿಯ ಮುಂದೆ ನಿಂತದ್ದರಿಂದ.

2006ರಲ್ಲಿ ಹಳೆಯ ಕಲಬೆರಕೆ ಕಾಯಿದೆಯ ಜಾಗಕ್ಕೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಬಂತು, 2011ರ ಆಗಸ್ಟ್ 5ರಿಂದ ಜಾರಿಯಲ್ಲಿದೆ. ಅದರ 40ನೆಯ ಸೆಕ್ಷನ್ ಒಂದು ಮಾತು ಹೇಳುತ್ತದೆ. ಆಹಾರ ಕೊಂಡವರು ಯಾರೇ ಆಗಲಿ, ಮಾರುವವನಿಗೆ ಆಗಲೇ ತಿಳಿಸಿ, ಶುಲ್ಕ ಕಟ್ಟಿ ಅದನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ದೋಷ ಸಾಬೀತಾದರೆ ಶುಲ್ಕ ವಾಪಸು. ನಮ್ಮ ಎಷ್ಟು ಮಹಿಳಾ ಸಂಘಗಳು, ಸ್ವಸಹಾಯ ಗುಂಪುಗಳು ವರ್ಷಕ್ಕೆ ಒಂದು ಸಲವಾದರೂ ಈ ಹಕ್ಕನ್ನು ಬಳಸಿವೆ? ರಂಗೋಲಿ ಸ್ಪರ್ಧೆಯ ಖರ್ಚಿನಲ್ಲಿ ಸ್ವಲ್ಪ ಉಳಿಸಿದರೆ ಊರಿನ ಎಣ್ಣೆ, ಹಾಲು, ಬೆಲ್ಲಗಳ ಪರೀಕ್ಷೆ ಆದೀತು. ಹತ್ತು ಮನೆಯವರು ಸೇರಿ ಹತ್ತಿರದ ಹಳ್ಳಿಯ ಒಬ್ಬ ರೈತನ ಜೊತೆ ಮಾತಾಡಿಕೊಂಡು ವರ್ಷವಿಡೀ ತರಕಾರಿ ಕೊಳ್ಳುತ್ತೇವೆಂದರೆ, ಅವನಿಗೂ ಮದ್ದು ಬಿಡುವ ಧೈರ್ಯ ಬಂದೀತು.

ಮಾತಾಡುವಾಗ ನಮ್ಮ ಮಕ್ಕಳ ಬಗ್ಗೆ ಕೇಳುವ ಪ್ರಶ್ನೆಯ ಜತೆಗೆ ಇನ್ನೊಂದನ್ನೂ ಕೇಳೋಣ. ಈ ಬದನೆಗೆ, ಈ ಹೂಕೋಸಿಗೆ ಮದ್ದು ಹೊಡೆದವರು ಯಾರು? ಅವರ ಮೈಮೇಲೆ ಅಂಗಿ ಇತ್ತೇ, ಕೈತೊಳೆಯಲು ಸಾಬೂನು ಇತ್ತೇ, ಆ ದಿನ ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುವ ಮುಂಚೆ ಸ್ನಾನಕ್ಕೆ ನೀರು ಇತ್ತೇ? ಅಲ್ಲಿ ಹಸನಾಗದೆ ಇಲ್ಲಿ ಹಸನಾಗುವುದು ಹೇಗೆ?